ಸಂದರ್ಶನದ ಮುನ್ನಾದಿನ ಹೊಟ್ಟೆಯಲ್ಲಿ ತಳಮಳವೆ?

ನಾಳೆ ಬೆಳಿಗ್ಗೆ ಕಾಲೇಜು ಪ್ರವೇಶಕ್ಕೆ ಸಂದರ್ಶನ. ನಿಮಗೆ ನಿದ್ದೆ ಹತ್ತುತ್ತಿಲ್ಲ. ಅಂಗೈ ಬೆವರುತ್ತಿದೆ, ಬಾಯಿ ಒಣಗುತ್ತಿದೆ, ಎದೆ ಢವಢವ ಎನ್ನುತ್ತಿದೆ. ಶೌಚಾಲಯಕ್ಕೆ ಮೂರು ಸಲ ಹೋಗಿಬಂದದ್ದೂ ಆಯಿತು. ಇದೇನು ಕಾಯಿಲೆಯೆ?

ಖಂಡಿತ ಅಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಗಾಬರಿಯಾದಾಗ ಅಡ್ರಿನಲಿನ್ ಸ್ರವಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ, ಜೀರ್ಣಕ್ರಿಯೆ ಹಿಂದೆ ಬೀಳುತ್ತದೆ. ಓಡಲು ಅಥವಾ ಹೋರಾಡಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಎದುರಿಗಿರುವುದು ಹುಲಿಯಲ್ಲ, ಮೂವರು ಅಧ್ಯಾಪಕರು ಎಂಬುದು ಆ ಗ್ರಂಥಿಗಳಿಗೆ ತಿಳಿಯದು!

ನಮ್ಮ ವಿದ್ಯಾರ್ಥಿಗಳಿಗೆ ಸಂದರ್ಶನದ ರೂಢಿಯೂ ಕಡಿಮೆ. 1994ರಲ್ಲಿ ಆರಂಭವಾದ ಸಿಇಟಿಯಲ್ಲಿ ರ‍್ಯಾಂಕ್ ಬಂದರೆ ಸಾಕು, ಬಾಯಿ ಬಿಡಬೇಕಾಗಿಲ್ಲ. ಬೆಂಗಳೂರಿನ ಐಐಎಂ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳಂಥ ಕಡೆ ಹಾಗಲ್ಲ, ಎದುರು ಕುಳಿತು ಮಾತನಾಡಬೇಕು. ಆದ್ದರಿಂದ ಹದಿನೈದು ದಿನ ಮೊದಲೇ ಪರಿಚಿತ ಮೇಷ್ಟರೊಬ್ಬರ ಎದುರು ಕುಳಿತು, ಈ ಕೋರ್ಸನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಗಟ್ಟಿಯಾಗಿ ಹೇಳಿ ನೋಡಿ. ಬಾಯಿಪಾಠ ಬೇಡ. ಒಂದು ಸಾಲು ಮರೆತರೆ ಮುಂದಿನದೆಲ್ಲ ಕೈಕೊಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ನಡುಕ ನಿಲ್ಲುತ್ತದೆಂದು ಗೆಳೆಯರು ಕೊಟ್ಟ ಮಾತ್ರೆಯನ್ನು ನುಂಗಬೇಡಿ. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಅಸ್ತಮಾ ಇರುವವರಲ್ಲಿ ಶ್ವಾಸನಾಳಗಳನ್ನು ಬಿಗಿಗೊಳಿಸಿ ಪ್ರಾಣಕ್ಕೇ ಸಂಚಕಾರ ತರಬಹುದು. ಅಲ್ಪ್ರಜೋಲಮ್ ಗಾಬರಿಯ ಜೊತೆಗೆ ಚುರುಕುತನವನ್ನೂ ತಗ್ಗಿಸುತ್ತದೆ. ತೂಕಡಿಸುತ್ತಾ ಉತ್ತರ ಹೇಳುವುದು ಹೇಗೆ? ಇವೆರಡೂ ವೈದ್ಯರು ಪರೀಕ್ಷಿಸಿ ಕೊಡಬೇಕಾದ ಔಷಧಿಗಳು.

ಮಾತ್ರೆಗಿಂತ ಉಸಿರಾಟದ ಅಭ್ಯಾಸ ಮೇಲು. ನಾಲ್ಕು ಎಣಿಸುವವರೆಗೆ ಉಸಿರು ಎಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ಇಳಿಯುತ್ತದೆ. ದಿನವೂ ಐದು ನಿಮಿಷ ಮಾಡಿದ್ದರೆ ಅಂದು ಕೈಹಿಡಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎರಡು ಇಡ್ಲಿಯಾದರೂ ತಿನ್ನಿ. ಕಾಫಿ ದಿನನಿತ್ಯದಷ್ಟೇ ಇರಲಿ.

ಒಳಗೆ ಕೇಳಿದ್ದು ತಿಳಿಯದಿದ್ದರೆ “ಗೊತ್ತಿಲ್ಲ ಸಾರ್” ಎನ್ನಿ. ತಡಬಡಾಯಿಸಿ ಕಥೆ ಕಟ್ಟುವುದಕ್ಕಿಂತ ಅದು ವಾಸಿ.

ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಹೆದರಿ ಸಂದರ್ಶನಕ್ಕೇ ಹೋಗದೆ ಉಳಿಯುವಂತಾದರೆ ವೈದ್ಯರನ್ನು ಕಾಣಿರಿ.

ತಂದೆತಾಯಿಯರೇ, ಮಗು ಹೊರಬಂದ ಕೂಡಲೇ “ಏನು ಕೇಳಿದರು?” ಎಂದು ಮುತ್ತಬೇಡಿ. ಮೊದಲು ಊಟ ಮಾಡಿಸಿ.