ಘಟ್ಟ ಇಳಿದ ಸರಕು: ಹತ್ತೊಂಬತ್ತನೆಯ ಶತಮಾನದ ಗೋವಾದ ಕೃಷಿಸೀಮೆ ಮತ್ತು ಅದರ ಅಂಗಡಿಗಳು

ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಕಾಲದ ವಸಾಹತು ಕೃಷಿಸೀಮೆ ಎಂದೊಡನೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಕೊಡಗು ಹಾಗೂ ಮಲೆನಾಡಿನ ಕಾಫಿ ತೋಟಗಳು. 1854ರಲ್ಲಿ ಫೌಲರ್ ಎಂಬ ಐರೋಪ್ಯ ತೋಟಗಾರ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ನಂತರದ ದಶಕಗಳಲ್ಲಿ ಬಿಳಿಯ ತೋಟಗಾರರ ಅಗತ್ಯಗಳ ಸುತ್ತ ಪೂರೈಕೆಯ ಒಂದು ವ್ಯವಸ್ಥೆಯೇ ರೂಪುಗೊಂಡಿತು. ಕರಾವಳಿಯಲ್ಲಿ ಕಾಫಿ ಸಂಸ್ಕರಣ ಕಾರ್ಖಾನೆಗಳು, ಪಿಯರ್ಸ್ ಲೆಸ್ಲಿಯಂತಹ ಸಾಗಣೆಯ ಕಂಪನಿಗಳು, ಮಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ, ದಾರಿಯುದ್ದಕ್ಕೂ ಪ್ರವಾಸಿ ಬಂಗಲೆಗಳು, ತೋಟಗಾರರ ಕ್ಲಬ್ಬುಗಳು ಈ ವ್ಯವಸ್ಥೆಯ ಅಂಗಗಳು. ಕಂಪನಿಗಳ ಪತ್ರವ್ಯವಹಾರ ಮತ್ತು ತೋಟಗಾರರ ನೆನಪಿನ ಬರಹಗಳ ಮೂಲಕ ಇದರ ಚರಿತ್ರೆ ಸಾಕಷ್ಟು ದಾಖಲಾಗಿದೆ.

ಅದೇ ಕಾಲದಲ್ಲಿ ಘಟ್ಟದ ಇನ್ನೊಂದು ಬದಿಯಲ್ಲಿ, ಪೋರ್ಚುಗೀಸರ ಆಡಳಿತದಲ್ಲಿದ್ದ ಗೋವಾದ ಕೃಷಿಸೀಮೆಯ ಸ್ಥಿತಿ ಬೇರೆಯಾಗಿತ್ತು. ಅಲ್ಲಿ ತೋಟಗಾರ ದೊರೆಗಳ ವರ್ಗವಿರಲಿಲ್ಲ. ಅವರಿಗಾಗಿ ಹುಟ್ಟಿದ ಹೋಟೆಲು, ಕ್ಲಬ್ಬುಗಳೂ ಇರಲಿಲ್ಲ. ಆದರೂ ಬೇಸಾಯಗಾರನಿಗೆ ಧಾನ್ಯ, ಮೆಣಸಿನಕಾಯಿ, ಬಟ್ಟೆ, ಕಬ್ಬಿಣ ಬೇಕಿತ್ತು. ಅವನ ಅಡಿಕೆ, ತೆಂಗು, ಉಪ್ಪಿಗೆ ಗಿರಾಕಿ ಬೇಕಿತ್ತು. ಈ ಎರಡು ಅಗತ್ಯಗಳನ್ನೂ ಬಹುಮಟ್ಟಿಗೆ ಪೂರೈಸಿದ್ದು ಘಟ್ಟದ ಮೇಲಿನ ಕನ್ನಡ ಸೀಮೆಯ ಪೇಟೆಗಳು. ರಾಜಕೀಯ ಗಡಿಯ ಎರಡು ಬದಿಗಳಲ್ಲಿ ಹರಡಿದ್ದ ಈ ಅಂಗಡಿ ವ್ಯವಸ್ಥೆಯ ಸ್ವರೂಪವನ್ನೂ, 1878ರ ಒಪ್ಪಂದ ಮತ್ತು ರೈಲುಮಾರ್ಗ ಅದನ್ನು ಬದಲಿಸಿದ ಬಗೆಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ಗೋವಾ, ಎರಡು ಬೇಸಾಯ

ಹತ್ತೊಂಬತ್ತನೆಯ ಶತಮಾನದ ಗೋವಾದಲ್ಲಿ ಎರಡು ಬಗೆಯ ಪ್ರದೇಶಗಳಿದ್ದವು. ಹದಿನಾರನೆಯ ಶತಮಾನದಲ್ಲಿಯೇ ಪೋರ್ಚುಗೀಸರ ವಶವಾದ ತಿಸವಾಡಿ, ಬಾರ್ದೇಶ ಮತ್ತು ಸಾಸಷ್ಟಿಗಳನ್ನು ‘ಹಳೆಯ ವಿಜಯಗಳು’ ಎಂದೂ, 1763ರಿಂದ 1788ರ ನಡುವೆ ಸೇರಿದ ಫೋಂಡಾ, ಸಾಂಗೆ, ಕೇಪೆ, ಕಾಣಕೋಣ, ಡಿಚೋಲಿ, ಸತ್ತರಿ, ಪೆಡಣೆಗಳನ್ನು ‘ಹೊಸ ವಿಜಯಗಳು’ ಎಂದೂ ಕರೆಯಲಾಗುತ್ತಿತ್ತು. ಹೊಸ ಪ್ರದೇಶಗಳ ದಕ್ಷಿಣ ಭಾಗ ಅಲ್ಲಿಯವರೆಗೆ ಸೋದೆಯ ಅರಸರ ಅಧೀನದಲ್ಲಿತ್ತು. ಹೈದರಾಲಿಯ ಸೈನ್ಯ ಸೋದೆಯನ್ನು ಮುತ್ತಿದಾಗ ಅಲ್ಲಿನ ಅರಸ ಗೋವಾಕ್ಕೆ ಬಂದು ಪೋರ್ಚುಗೀಸರ ಆಶ್ರಯ ಪಡೆದ. ಹೀಗೆ ಆಡಳಿತ ಬದಲಾದರೂ ಘಟ್ಟದ ಮೇಲಿನ ನೆಂಟಸ್ತಿಕೆ, ದೇವಸ್ಥಾನದ ನಡೆವಳಿ, ಕೊಡುಕೊಳೆಗಳು ಒಮ್ಮೆಗೇ ಕಡಿದುಹೋಗಲಿಲ್ಲ.

ಹಳೆಯ ಪ್ರದೇಶದ ತಗ್ಗು ಹೊಲಗಳು ಖಾಜಣಗಳು. ಹೊಳೆಯ ಉಪ್ಪುನೀರನ್ನು ಮಣ್ಣಿನ ಒಡ್ಡು ಹಾಗೂ ಮರದ ತೂಬುಗಳಿಂದ ತಡೆದು ಇವುಗಳಲ್ಲಿ ಭತ್ತ ಬೆಳೆಯುತ್ತಿದ್ದರು. ಹೊಸ ಪ್ರದೇಶದ ಕಣಿವೆಗಳಲ್ಲಿ ಅಡಿಕೆ, ತೆಂಗು, ಬಾಳೆಗಳ ಕುಳಾಗರಗಳಿದ್ದವು. ಗುಡ್ಡದ ಇಳಿಜಾರಿನಲ್ಲಿ ಕುಮರಿ ಬೇಸಾಯ ನಡೆಯುತ್ತಿತ್ತು. ಹಳೆಯ ಪ್ರದೇಶದಲ್ಲಿ ಊರಿನ ಜಮೀನಿನ ಬಹುಪಾಲು ಗಾಂವಕರಿ ಸಂಸ್ಥೆಯ ಸಮುದಾಯ ಸ್ವತ್ತಾಗಿತ್ತು. ಹೊಲಗಳನ್ನು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಗೆ ಹರಾಜಿನಲ್ಲಿ ಗೇಣಿಗೆ ಕೊಡುತ್ತಿದ್ದರು. ಈ ಸಂಸ್ಥೆಗಳ ಚರಿತ್ರೆಯನ್ನು ಫಿಲಿಪ್ ನೇರಿ ಶಾವಿಯೇರ್ 1852ರಷ್ಟು ಹಿಂದೆಯೇ ಪೋರ್ಚುಗೀಸ್ ಭಾಷೆಯಲ್ಲಿ ನಿರೂಪಿಸಿದ್ದಾರೆ.

ಈ ಭೂವ್ಯವಸ್ಥೆ ಅಂಗಡಿಯ ಸ್ವರೂಪವನ್ನೂ ನಿರ್ಣಯಿಸಿತು. ನೇಗಿಲು, ಕುಡುಗೋಲು, ಮಡಕೆ, ಬುಟ್ಟಿಗಳಿಗಾಗಿ ರೈತ ಪೇಟೆಗೆ ಹೋಗಬೇಕಾಗಿರಲಿಲ್ಲ. ಊರಿನ ಬಡಗಿ, ಕಮ್ಮಾರ, ಕುಂಬಾರರು ಅವನ್ನು ಮಾಡಿಕೊಡುತ್ತಿದ್ದರು. ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯವನ್ನೋ ಉಂಬಳಿಯಾಗಿ ಭೂಮಿಯ ಅನುಭೋಗವನ್ನೋ ಪಡೆಯುತ್ತಿದ್ದರು. ಆದುದರಿಂದ ಊರಿನ ಅಂಗಡಿಯು ಕೃಷಿ ಉಪಕರಣಗಳ ಮಳಿಗೆಯಾಗಿ ಬೆಳೆಯಲಿಲ್ಲ. ಊರು ತಾನೇ ಉತ್ಪಾದಿಸಲಾಗದ ವಸ್ತುವನ್ನು ತರಿಸುವುದು, ಮಳೆಗಾಲಕ್ಕೆ ಉದ್ರಿ ಕೊಡುವುದು ಮತ್ತು ಸುಗ್ಗಿಯಲ್ಲಿ ಫಸಲಿನ ರೂಪದಲ್ಲಿ ಬಾಕಿ ವಸೂಲು ಮಾಡುವುದು ಅದರ ಮುಖ್ಯ ಕೆಲಸಗಳಾದವು.

ನಂದಗಡದ ಪೇಟೆ, ಲಮಾಣಿಗಳ ಹೇರು

ಗೋವಾ ತನ್ನ ಊಟಕ್ಕೆ ಬೇಕಾದಷ್ಟು ಅಕ್ಕಿ ಬೆಳೆಯುತ್ತಿರಲಿಲ್ಲ. ಕೊರತೆಯನ್ನು ತುಂಬಲು ಕೆನರಾ ಕರಾವಳಿಯಿಂದ ಸಮುದ್ರಮಾರ್ಗವಾಗಿ ಅಕ್ಕಿ ಬರುತ್ತಿತ್ತು. ಒಳನಾಡಿನ ತಾಲೂಕುಗಳಿಗೆ ಬಯಲುಸೀಮೆಯ ಧಾನ್ಯ ಬರುತ್ತಿದ್ದುದು ಘಟ್ಟದ ದಾರಿಗಳಲ್ಲಿ. ತಿನೈ ಘಾಟಿನ ದಾರಿ ಸಾಂಗೆಯ ಕಡೆಗೂ ಚೋರ್ಲಾ ಘಾಟಿನ ದಾರಿ ಸತ್ತರಿ ಮತ್ತು ಡಿಚೋಲಿಯ ಕಡೆಗೂ ಇಳಿಯುತ್ತಿದ್ದವು.

ಈ ವ್ಯಾಪಾರದ ಮೇಲ್ಘಟ್ಟದ ಕೇಂದ್ರಗಳಲ್ಲಿ ಖಾನಾಪುರ ಸೀಮೆಯ ನಂದಗಡ ಪ್ರಮುಖವಾದುದು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳವೆಂದು ಇಂದು ಪ್ರಸಿದ್ಧವಾದ ಈ ಊರು ಆ ಕಾಲದಲ್ಲಿ ಗೋವಾ ವ್ಯಾಪಾರದ ದೊಡ್ಡ ಪೇಟೆಯಾಗಿತ್ತು. ಇಲ್ಲಿಂದ ಗೋಧಿ ಮತ್ತಿತರ ಧಾನ್ಯ ಇಳಿಯುತ್ತಿತ್ತು. ಗೋವಾದಿಂದ ಅಡಿಕೆ, ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಉಪ್ಪು ಏರಿ ಬರುತ್ತಿದ್ದವು. ಹಡಗಿನಲ್ಲಿ ಬಂದ ಖರ್ಜೂರವೂ ಇದೇ ದಾರಿಯಲ್ಲಿ ಬಯಲುಸೀಮೆ ತಲುಪುತ್ತಿತ್ತು.

ಗಾಡಿ ಓಡದ ಕಡಿದಾದ ದಾರಿಗಳಲ್ಲಿ ಸರಕು ಸಾಗಿಸಿದವರು ಲಮಾಣಿಗಳು. ಅವರ ಹೇರೆತ್ತುಗಳ ಸಾಲು ಮಳೆ ನಿಂತ ಮೇಲೆ ಹೊರಟು ಮುಂದಿನ ಮಳೆಗೆ ಮೊದಲು ಹಿಂದಿರುಗುತ್ತಿತ್ತು. ಇಳಿಯುವಾಗ ಧಾನ್ಯದ ಚೀಲ, ಏರುವಾಗ ಉಪ್ಪಿನ ಚೀಲ ಹೊತ್ತ ಎತ್ತು ಎರಡು ಕಡೆಯೂ ಬಾಡಿಗೆ ಗಳಿಸುತ್ತಿತ್ತು. ಈ ವ್ಯಾಪಾರದ ಲಾಭ ನಿಂತಿದ್ದುದೇ ಈ ಸಮತೋಲದ ಮೇಲೆ. ಉಪ್ಪಿನ ಹೇರು ತಪ್ಪಿದರೆ ಎತ್ತು ಬರಿದೇ ಘಟ್ಟ ಹತ್ತಬೇಕು. ಆಗ ಇಳಿಯುವ ಧಾನ್ಯದ ಬೆಲೆಯೂ ಏರುತ್ತದೆ. ಮುಂದೆ ನಡೆದ ಬದಲಾವಣೆಗಳನ್ನು ತಿಳಿಯಲು ಈ ಸಂಬಂಧವನ್ನು ನೆನಪಿನಲ್ಲಿಡಬೇಕು.

ಪುರುಮೆಂತ್: ಮಳೆಗಾಲದ ಮುಂಗಡ ಖರೀದಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ದಾರಿಗಳೂ ಸಮುದ್ರದ ದಾರಿಯೂ ಮುಚ್ಚುತ್ತಿದ್ದುದರಿಂದ ವರ್ಷದ ಅತಿ ದೊಡ್ಡ ವ್ಯಾಪಾರ ಏಪ್ರಿಲ್, ಮೇ ತಿಂಗಳುಗಳಲ್ಲಿ ನಡೆಯುತ್ತಿತ್ತು. ಮಳೆಗಾಲಕ್ಕೆ ಕೂಡಿಡುವ ಸಾಮಾನಿಗೆ ಗೋವಾದ ಕೊಂಕಣಿಯಲ್ಲಿ ‘ಪುರುಮೆಂತ್’ ಎನ್ನುತ್ತಾರೆ. ಪೂರೈಕೆ, ದಾಸ್ತಾನು ಎಂಬ ಅರ್ಥದ ಪೋರ್ಚುಗೀಸ್ ‘ಪ್ರೊವಿಮೆಂತು’ ಇದರ ಮೂಲ. ಅಕ್ಕಿ, ಒಣಮೀನು, ಒಣಮೆಣಸಿನಕಾಯಿ, ಹುಣಸೆ, ಈರುಳ್ಳಿ, ಉಪ್ಪು ಇದರ ಪಟ್ಟಿಯಲ್ಲಿ ಬರುವ ಮುಖ್ಯ ಪದಾರ್ಥಗಳು. ಮಡಗಾಂವಿನ ಪವಿತ್ರಾತ್ಮ ಇಗರ್ಜಿಯ ಹಬ್ಬದ ಜಾತ್ರೆಯೂ ಮಾಪುಸಾದ ಮಿಲಾಗ್ರಿಸ್ ಹಬ್ಬದ ಜಾತ್ರೆಯೂ ಈ ಖರೀದಿಗೆ ಹೆಸರಾದವು. ಪಂಚಾಂಗ ಇಗರ್ಜಿಯದಾದರೂ ಕೊಳ್ಳುವವರಲ್ಲಿ, ಮಾರುವವರಲ್ಲಿ ಎಲ್ಲ ಮತದವರೂ ಇದ್ದರು.

ಕೈಯಲ್ಲಿ ಹಣವಿಲ್ಲದ ಗೇಣಿದಾರನಿಗೆ ಪುರುಮೆಂತ್ ಎಂದರೆ ಸಾಲವೇ. ಅಂಗಡಿಯವನು ಮಳೆಗಾಲಕ್ಕೆ ಕೊಟ್ಟ ಅಕ್ಕಿಯನ್ನು ಸುಗ್ಗಿಯಲ್ಲಿ ಹೆಚ್ಚುವರಿಯೊಂದಿಗೆ ಅಳೆದುಕೊಳ್ಳುತ್ತಿದ್ದ. ಅಳತೆಯ ಲೆಕ್ಕ ಎರಡೂ ಸೀಮೆಯವರಿಗೆ ಪರಿಚಿತವಾದುದು: ಕನ್ನಡದಲ್ಲಿ 20 ಕೊಳಗಕ್ಕೆ ಒಂದು ಖಂಡುಗ, ಗೋವಾದಲ್ಲಿ 20 ಕುಡವಕ್ಕೆ ಒಂದು ಖಂಡಿ. ಅಳತೆಯ ಪ್ರಮಾಣ ಊರಿಂದೂರಿಗೆ ಬೇರೆಯಾದರೂ ಇಪ್ಪತ್ತರ ಎಣಿಕೆ ಒಂದೇ.

ತಂಗುವ ಮನೆಗಳು

ಈ ಸೀಮೆಯಲ್ಲಿ ಪ್ರವಾಸಿಗೆ ಆಶ್ರಯ ಕೊಡುತ್ತಿದ್ದುದು ಮುಖ್ಯವಾಗಿ ದೇವಸ್ಥಾನ. ಹಳೆಯ ವಿಜಯಗಳಿಂದ ಹದಿನಾರನೆಯ ಶತಮಾನದಲ್ಲಿ ಸ್ಥಳಾಂತರಗೊಂಡ ದೇವತೆಗಳು ಫೋಂಡಾ ಸೀಮೆಯಲ್ಲಿ ನೆಲೆಸಿದ್ದರು. ಮಂಗೇಶಿ, ಮ್ಹಾರ್ದೋಳದ ಮ್ಹಾಳಸಾ, ಕವಳೆಯ ಶಾಂತಾದುರ್ಗಾ ದೇವಸ್ಥಾನಗಳ ಸುತ್ತ ಅಗ್ರಶಾಲೆಗಳನ್ನು ಕಟ್ಟಲಾಗಿತ್ತು. ಇವುಗಳ ಕುಳಾವಿಗಳು, ಎಂದರೆ ಪರಂಪರಾಗತ ಭಕ್ತ ಕುಟುಂಬಗಳವರು, ಕಾರವಾರ, ಕುಮಟಾ, ಮಂಗಳೂರುಗಳಲ್ಲಿಯೂ ನೆಲೆಸಿದ್ದರು. ವರ್ಷಕ್ಕೊಮ್ಮೆ ಜಾತ್ರೆಗೆ ಬರುವ ಈ ಕುಟುಂಬಗಳಲ್ಲಿ ವ್ಯಾಪಾರಿಗಳೂ ಇದ್ದುದರಿಂದ ಅಗ್ರಶಾಲೆಯ ಜಗುಲಿ ದೇವಕಾರ್ಯದ ಜೊತೆಗೆ ಅಡಿಕೆಯ ಧಾರಣೆಯ ಮಾತಿಗೂ ಒದಗುತ್ತಿತ್ತು. ಲಮಾಣಿಗಳಿಗೆ ಈ ಸೌಕರ್ಯವಿರಲಿಲ್ಲ. ನೀರು, ಮೇವು ಇರುವ ಬಯಲೇ ಅವರ ಬಿಡಾರ. ಹೇರುಗಳನ್ನು ಒಟ್ಟಿ ಮಾಡಿದ ಗೋಡೆಯೇ ಅವರ ಮರೆ.

1878ರ ಒಪ್ಪಂದ ಮತ್ತು ಉಪ್ಪು

1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಲಿಸ್ಬನ್ನಿನಲ್ಲಿ ಸಹಿ ಮಾಡಿದ ಒಪ್ಪಂದ ಈ ವ್ಯವಸ್ಥೆಯ ಬುಡವನ್ನು ಅಲುಗಿಸಿತು. 1880ರ ಜನವರಿಯಲ್ಲಿ ಜಾರಿಗೆ ಬಂದ ಈ ಒಪ್ಪಂದ ಎರಡು ಆಡಳಿತಗಳ ನಡುವಿನ ಸುಂಕದ ಗಡಿಯನ್ನು ತೆಗೆದುಹಾಕಿತು. ಗೋವಾದ ಟಂಕಸಾಲೆ ನಿಂತಿತು. 1881 ಮತ್ತು 1882ರ ಗೋವಾದ ರೂಪಾಯಿಗಳು ಕಲ್ಕತ್ತೆಯಲ್ಲಿ ಅಚ್ಚಾದವು. ಮೇಲ್ನೋಟಕ್ಕೆ ಇದು ಅಂಗಡಿಯವನಿಗೆ ಅನುಕೂಲವೇ. ಸುಂಕದ ಕಟ್ಟೆಯಿಲ್ಲ, ನಾಣ್ಯ ವಿನಿಮಯದ ನಷ್ಟವಿಲ್ಲ.

ಆದರೆ ಅದೇ ಒಪ್ಪಂದ ಗೋವಾದ ಉಪ್ಪಿನ ತಯಾರಿಕೆ ಮತ್ತು ಮಾರಾಟದ ನಿಯಂತ್ರಣವನ್ನು ಬ್ರಿಟಿಷರಿಗೆ ಒಪ್ಪಿಸಿತು. ಪ್ರತಿಯಾಗಿ ಗೋವಾ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಂದಾಯವಾಗತೊಡಗಿತು. ಈ ಹಣ ಸೇರಿದ್ದು ಬೊಕ್ಕಸಕ್ಕೆ. ಉಪ್ಪಿನ ಆಗರಗಳನ್ನು ಮುಚ್ಚಿದ ನಷ್ಟ ಬಿದ್ದದ್ದು ಆಗರದ ಕೂಲಿಯವರ ಮೇಲೆ. ಬೆಲೆ ಏರಿದ ಉಪ್ಪು ರೈತನಿಗೂ ಹೊರೆಯಾಯಿತು. ಮೀನು ಒಣಗಿಸಲು ಉಪ್ಪು ಬೇಕಿತ್ತು. ತೆಂಗಿನ ಬುಡಕ್ಕೆ ಗೊಬ್ಬರದೊಂದಿಗೆ ಉಪ್ಪು ಹಾಕುವುದೂ ಗೋವಾದ ಹಳೆಯ ರೂಢಿ. ಸೇಂದಿ ಇಳಿಸುವ ಮರಗಳ ಮೇಲಿನ ಅಬಕಾರಿ ತೆರಿಗೆ ತೆಂಗಿನ ತೋಟದ ಇನ್ನೊಂದು ಆದಾಯವನ್ನು ಕುಗ್ಗಿಸಿತು. ಲಮಾಣಿಗಳ ಏರುಹೇರಿನ ಮುಖ್ಯ ಸರಕಾದ ಉಪ್ಪು ಸರಕಾರದ ಹತೋಟಿಗೆ ಹೋದಾಗ ಹೇರೆತ್ತಿನ ವ್ಯಾಪಾರದ ಸಮತೋಲ ತಪ್ಪಿತು. 1892ರ ಜನವರಿಯಲ್ಲಿ ಒಪ್ಪಂದದ ಅವಧಿ ಮುಗಿದು ಸುಂಕದ ಗಡಿ ಮರಳಿತು. ಅಷ್ಟರಲ್ಲಿ ಸರಕಿನ ದಾರಿಯೇ ಬದಲಾಗಿತ್ತು.

ರೈಲು ಬಂದ ಮೇಲೆ

ಒಪ್ಪಂದದ ಇನ್ನೊಂದು ಫಲ ಮುರ್ಮುಗೋವಾ ಬಂದರು ಮತ್ತು ಅಲ್ಲಿಂದ ಕ್ಯಾಸಲ್‌ರಾಕ್‌ವರೆಗಿನ ರೈಲುಮಾರ್ಗ. ಇದಕ್ಕಾಗಿ 1881ರಲ್ಲಿ ಲಂಡನ್ನಿನಲ್ಲಿ ಕಂಪನಿ ರಚನೆಯಾಯಿತು. ಸುಮಾರು 82 ಕಿಲೋಮೀಟರ್ ಉದ್ದದ ಈ ದಾರಿ ದೂಧಸಾಗರದ ಬಳಿ ಘಟ್ಟ ಹತ್ತಿ 1888ರಲ್ಲಿ ಸದರ್ನ್ ಮರಾಠಾ ರೈಲ್ವೆಯನ್ನು ಕೂಡಿಕೊಂಡಿತು. ಹುಬ್ಬಳ್ಳಿ, ಧಾರವಾಡ ಸೀಮೆಯ ಹತ್ತಿಗೆ ಸಮುದ್ರದ ನೇರ ದಾರಿ ಸಿಕ್ಕಿತು. ಅಲ್ಲಿಯವರೆಗೆ ಹತ್ತಿಯ ಗಾಡಿಗಳನ್ನು ಬರಮಾಡಿಕೊಳ್ಳುತ್ತಿದ್ದ ಕುಮಟಾ ಮತ್ತು ಕಾರವಾರದ ಬಂದರುಗಳು ಹಿಂದೆ ಬಿದ್ದವು.

ಗೋವಾದ ಒಳನಾಡಿನಲ್ಲಿ ಇದರ ಪರಿಣಾಮ ಅಂಗಡಿಗಳ ಸ್ಥಳಾಂತರ. ಘಾಟಿನ ಬಾಯಿಯಲ್ಲಿದ್ದ ತಂಗುದಾಣಗಳ ವ್ಯಾಪಾರ ಸಾವರ್ಡೆ, ಕುಳೆಯಂತಹ ನಿಲ್ದಾಣಗಳ ಬಳಿಗೆ ಸರಿಯಿತು. ಲಮಾಣಿಗಳ ಹೇರು ರೈಲಿನ ದರದೊಡನೆ ಸ್ಪರ್ಧಿಸಲಾರದೆ ಹೋಯಿತು. ನಂದಗಡದ ಪೇಟೆಯ ಮಹತ್ವ ಇಳಿದು, ರೈಲು ಮುಟ್ಟಿದ ಬೆಳಗಾವಿ, ಹುಬ್ಬಳ್ಳಿಗಳ ಅಡತಿ ಅಂಗಡಿಗಳು ಬೆಳೆದವು. ಸರಕು ಮೊದಲಿಗಿಂತ ಹೆಚ್ಚೇ ಸಾಗಿತು. ಸಾಗಿಸಿದವನ ಮತ್ತು ನಡುದಾರಿಯಲ್ಲಿ ಅಂಗಡಿ ಇಟ್ಟವನ ಜೀವನೋಪಾಯ ಹೋಯಿತು. ಇದೇ ದಶಕಗಳಲ್ಲಿ ಮುಂಬಯಿಗೆ ಗುಳೆ ಹೋದ ಗೋವಾದ ಹಳ್ಳಿಗರು ಅಲ್ಲಿ ಊರಿಗೊಂದರಂತೆ ‘ಕುಡ್’ಗಳನ್ನು, ಎಂದರೆ ಸಾಮೂಹಿಕ ವಸತಿಗಳನ್ನು, ಕಟ್ಟಿಕೊಂಡರು. ಕೃಷಿಸೀಮೆಗೆ ಬರುವವರಿಗಿಂತ ಅದನ್ನು ಬಿಟ್ಟು ಹೋಗುವವರಿಗೆ ತಂಗುವ ಮನೆಗಳು ಹೆಚ್ಚು ಬೇಕಾದ ಕಾಲವದು.

ಭಾಷೆಯಲ್ಲಿ ಉಳಿದುದು

ಕಾಫಿ ಕಂಪನಿಗಳಂತೆ ಈ ವ್ಯಾಪಾರಿಗಳು ಮುದ್ರಿತ ವರದಿಗಳನ್ನು ಬಿಟ್ಟುಹೋಗಲಿಲ್ಲ. ಆದುದರಿಂದ ಇಲ್ಲಿ ಭಾಷೆಯೇ ಒಂದು ಮುಖ್ಯ ದಾಖಲೆ. ಗೋವಾದಲ್ಲಿ ಊರಿನ ಲೆಕ್ಕಪತ್ರಗಳಿಗೂ ವರ್ತಕರ ವಹಿಗಳಿಗೂ ಬಳಕೆಯಾದ ಗೋಯ್ಕಾನಡಿ ಅಥವಾ ಕಂದೇವಿ ಲಿಪಿ ಕನ್ನಡ ಲಿಪಿಯ ಹತ್ತಿರದ ಬಂಧು. ಕೊಂಕಣಿಯಲ್ಲಿ ಅಂಗಡಿಗೆ ‘ಪೊಸ್ರೊ’ ಎನ್ನುತ್ತಾರೆ. ಹಳೆಯ ಕನ್ನಡದ ‘ಪಸರ’ಕ್ಕೂ ಅಂಗಡಿ, ಮಾರಲು ಹರಡಿದ ಸರಕು ಎಂಬ ಅರ್ಥಗಳಿವೆ. ಪೋರ್ಚುಗೀಸ್ ಮೂಲದ ಪಗಾರ, ಚಾವಿ, ಬಟಾಟೆ, ಇಸ್ತ್ರಿ, ಲಿಲಾವು ಎಂಬ ಪದಗಳು ಉತ್ತರ ಕರ್ನಾಟಕದ ದಿನಬಳಕೆಯ ಮಾತಿನಲ್ಲಿ ಬೇರೂರಿವೆ. ಕೂಲಿ, ಬೀಗ, ತರಕಾರಿ, ಹರಾಜು ಇವೆಲ್ಲ ಪೇಟೆಯ ವ್ಯವಹಾರದ ವಿಷಯಗಳೇ ಎಂಬುದು ಗಮನಾರ್ಹ. ಇವುಗಳಲ್ಲಿ ಹಲವು ಮರಾಠಿ, ಕೊಂಕಣಿಗಳ ಮೂಲಕ ಬಂದವು; ಅಂಗಡಿಯ ಕಟ್ಟೆಯಲ್ಲಿ ಮೂರು ನಾಲ್ಕು ಭಾಷೆಗಳು ಒಟ್ಟಿಗೆ ನಡೆಯುತ್ತಿದ್ದವೆಂಬುದಕ್ಕೆ ಅದೇ ಸಾಕ್ಷಿ.

ಇಂದು ಗೋವಾದ ಮನೆಗಳಿಗೆ ತರಕಾರಿ ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಲಾರಿಗಳಲ್ಲಿ ಇಳಿಯುತ್ತದೆ. 2011ರ ಜನಗಣತಿಯಂತೆ ಆ ರಾಜ್ಯದ ಜನಸಂಖ್ಯೆಯಲ್ಲಿ ಶೇಕಡಾ 4ಕ್ಕಿಂತ ಹೆಚ್ಚು ಮಂದಿಯ ಮಾತೃಭಾಷೆ ಕನ್ನಡ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಕೇಳಿಬರುವ ಕನ್ನಡವನ್ನು ಇತ್ತೀಚಿನ ವಲಸೆಯ ಫಲವೆಂದು ಮಾತ್ರ ಎಣಿಸುವುದು ವಾಡಿಕೆ. ಇಂದಿನ ಮಾರಾಟಗಾರರು ಹೊಸಬರಾಗಿರಬಹುದು. ಅವರು ಸರಕು ಇಳಿಸುವ ದಾರಿ ಮತ್ತು ಆ ದಾರಿಯ ಮೇಲಿನ ಪರಸ್ಪರ ಅವಲಂಬನೆ ಹಳೆಯವು. ಗೋವಾದ ಕನ್ನಡವನ್ನು ಕದಂಬರ ಶಾಸನಗಳಲ್ಲಿ ಹುಡುಕುವಷ್ಟೇ ಶ್ರದ್ಧೆಯಿಂದ ವರ್ತಕರ ವಹಿಗಳಲ್ಲಿ, ಸಂತೆಯ ಮಾತಿನಲ್ಲಿ ಹುಡುಕಿದಾಗ, ಅರಸರ ಕಾಲ ಮುಗಿದ ಮೇಲೂ ಎರಡು ಸೀಮೆಗಳನ್ನು ಕೂಡಿಸಿಟ್ಟ ಸಾಮಾನ್ಯರ ಚರಿತ್ರೆ ಸ್ಪಷ್ಟವಾಗುತ್ತದೆ.