ಕೊಲೆಗಡುಕರು ಕೇಳಿದ ಪ್ರಶ್ನೆ

2025ನೆಯ ಇಸವಿ ಏಪ್ರಿಲ್ 22ನೆಯ ತಾರೀಖು, ಮಂಗಳವಾರ ಮಧ್ಯಾಹ್ನ, ಕಾಶ್ಮೀರದ ಪಹಲ್ಗಾಮಿನ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿ ನಿರಾಯುಧರು ಗುಂಡಿಗೆ ಬಲಿಯಾದರು. ಅವರಲ್ಲಿ ಒಬ್ಬರು ಸಂಸಾರಸಹಿತ ವಿಹಾರಕ್ಕೆಂದು ಹೋಗಿದ್ದ ನಮ್ಮ ಶಿವಮೊಗ್ಗೆಯ ಗೃಹಸ್ಥರು. ಎರಡು ದಿನಗಳ ತರುವಾಯ ಅವರ ಕಳೇಬರವು ಊರಿಗೆ ಬಂದಾಗ ಆಲ್ಕೊಳದಿಂದ ತುಂಗೆಯ ದಡದವರೆಗೆ ಮರುಗದ ಮನೆಯಿರಲಿಲ್ಲ. ಆ ದುಃಖವನ್ನು ನಾವು ಮರೆಯತಕ್ಕುದಲ್ಲ. ಆದರೆ ಹೇಗೆ ನೆನೆಯಬೇಕೆಂಬುದು ಮಾತ್ರ ಇನ್ನೂ ವಿಚಾರಾರ್ಹವಾಗಿಯೇ ಉಳಿದಿದೆ. ಆ ವಿಷಯದಲ್ಲಿ ನಮಗೆ ತೋರಿದ ಎರಡು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಕೊಲೆಗಡುಕರು ಗುಂಡು ಹಾರಿಸುವ ಮೊದಲು ಮತವಾವುದೆಂದು ಕೇಳಿದರು. ಗಂಡಸರನ್ನು ಬೇರ್ಪಡಿಸಿ ಕೊಂದರು. ಇದು ಬದುಕುಳಿದವರು ಕಣ್ಣಾರೆ ಕಂಡು ಹೇಳಿದ ಸಂಗತಿ. ಸೌಜನ್ಯದ ಹೆಸರಿನಲ್ಲಿ ಇದನ್ನು ಮರೆಮಾಚುವುದು ಸತ್ತವರಿಗೆ ಬಗೆಯುವ ಅಪಚಾರ. ಯಾವ ಕಾರಣಕ್ಕಾಗಿ ಅವರು ಪ್ರಾಣ ತೆತ್ತರೆಂಬುದನ್ನು ಹೇಳದ ಸ್ಮರಣೆಯು ಅರೆಸ್ಮರಣೆಯೇ ಸರಿ. ಆದರೆ ಅದೇ ದಿನದ ಉಳಿದ ಸಂಗತಿಗಳನ್ನೂ ಅಷ್ಟೇ ನಿಷ್ಠೆಯಿಂದ ಹೇಳಬೇಕು. ಪ್ರವಾಸಿಗಳ ಪರವಾಗಿ ಅಡ್ಡಬಂದ ಕುದುರೆಯಾಳು, ಕಾಶ್ಮೀರದ ಮುಸಲ್ಮಾನನು, ತಾನೂ ಅಲ್ಲಿಯೇ ಮಡಿದನು. ಸತ್ತವರಲ್ಲಿ ನೇಪಾಳದ ಪ್ರಜೆಯೊಬ್ಬನಿದ್ದನು. ನಮ್ಮೂರಿನ ಆ ಸಂಸಾರವನ್ನು ಪಾರುಗಾಣಿಸಿದವರು ಆ ಸ್ಥಳದ ಜನರೇ ಎಂದು ಮನೆಯವರೇ ತಿಳಿಸಿದರು. ಮರುದಿನ ಕಾಶ್ಮೀರ ಕಣಿವೆಯು ಅಂಗಡಿಗಳನ್ನು ಮುಚ್ಚಿ ಈ ಕೃತ್ಯವನ್ನು ಖಂಡಿಸಿತು. ಈ ಸಂಗತಿಗಳಲ್ಲಿ ಒಂದನ್ನು ಎತ್ತಿಹಿಡಿದು ಇನ್ನೊಂದನ್ನು ಅಡಗಿಸುವವರು ಸತ್ತವರನ್ನು ನೆನೆಯುವವರಲ್ಲ, ಸತ್ತವರನ್ನು ಬಳಸಿಕೊಳ್ಳುವವರು.

ಇಲ್ಲಿಯೇ ಸರಕಾರದ ಧರ್ಮವಾವುದೆಂಬ ಪ್ರಶ್ನೆಯು ಏಳುತ್ತದೆ. ಮತವು ಸತ್ತವನಿಗೆ ಸಂಸ್ಕಾರವನ್ನೂ ಉಳಿದವರಿಗೆ ಸಾಂತ್ವನವನ್ನೂ ಕೊಡುತ್ತದೆ. ಆ ಕೆಲಸವನ್ನು ಯಾವ ಕಛೇರಿಯೂ ಮಾಡಲಾರದು; ಮಾಡಹೊರಡುವುದೂ ತರವಲ್ಲ. ಸರಕಾರವು ಕೊಡಬೇಕಾದುದು ರಕ್ಷಣೆ, ನ್ಯಾಯ, ನೆರವು ಈ ಮೂರನ್ನು. ಇವನ್ನು ಕೊಡುವಾಗ ಅದು ಯಾರ ಮತವನ್ನೂ ಕೇಳಲಾಗದು. ನಮ್ಮ ಸಂವಿಧಾನದ 25ನೆಯ ವಿಧಿಯು ಮತಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟು, ಅದನ್ನು ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳ ಕಟ್ಟಿಗೆ ಒಳಪಡಿಸಿದೆ. ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರಲ್ಲಿ ವಜಾ ಮಾಡಿದುದರಿಂದ ಹುಟ್ಟಿದ ವ್ಯಾಜ್ಯದಲ್ಲಿ, 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ತೀರ್ಪನ್ನಿತ್ತಿತು. ಮತನಿರಪೇಕ್ಷತೆಯು ಸಂವಿಧಾನದ ಮೂಲರಚನೆಗೆ ಸೇರಿದುದೆಂದು ಆ ತೀರ್ಪು ಸಾರಿತು. ಕನ್ನಡನಾಡಿನ ವ್ಯಾಜ್ಯವೊಂದು ಇಡೀ ದೇಶಕ್ಕೆ ಕೊಟ್ಟ ಈ ಪಾಠವನ್ನು ಕನ್ನಡಿಗರೇ ಮರೆಯುವುದು ಶೋಭೆಯಲ್ಲ.

ಇದು ಬರಿಯ ತತ್ತ್ವವಲ್ಲ. ದಫ್ತರದಲ್ಲಿ ನಡೆಯುವ ನಿತ್ಯದ ಕಾರ್ಯ. ಭಯೋತ್ಪಾದನೆ, ಕೋಮುಗಲಭೆ ಮುಂತಾದವುಗಳಿಗೆ ಸಿಕ್ಕಿ ಮಡಿದ ನಾಗರಿಕರ ಕುಟುಂಬಗಳಿಗಾಗಿ ಕೇಂದ್ರ ಸರಕಾರವು 2008ರಲ್ಲಿ ನೆರವಿನ ಯೋಜನೆಯೊಂದನ್ನು ಏರ್ಪಡಿಸಿತು. ಮೊದಲು 3 ಲಕ್ಷ ರೂಪಾಯಿಗಳಿದ್ದ ಮೊತ್ತವನ್ನು 2016ರಲ್ಲಿ 5 ಲಕ್ಷಕ್ಕೆ ಏರಿಸಿತು. ಮಸೀದಿಯ ಬಳಿ ಸತ್ತವನಿಗೂ ದೇವಸ್ಥಾನದ ಬಳಿ ಸತ್ತವನಿಗೂ ಆ ಯೋಜನೆಯಲ್ಲಿ ಒಂದೇ ಅಳತೆ. ಅದನ್ನು ನಡೆಸುವ ಅಧಿಕಾರಿಯು ಕಾಗದವನ್ನು ತಡಮಾಡದೆ ಮುಂದಕ್ಕೆ ಕಳುಹಿಸಿದನಾದರೆ, ಅವನು ನೂರು ಭಾಷಣಗಳಿಗಿಂತ ಮಿಗಿಲಾದ ಶ್ರದ್ಧಾಂಜಲಿಯನ್ನು ಸಲ್ಲಿಸಿದಂತೆ.

ದಂಡಿಸುವುದು ಬೇಡವೆಂದು ನಾವು ಹೇಳುತ್ತಿಲ್ಲ. ಆ ವರ್ಷದ ಮೇ 7ರಂದು ಸೇನೆಯು ಗಡಿಯಾಚೆಯ ಭಯೋತ್ಪಾದಕರ ನೆಲೆಗಳ ಮೇಲೆ ಎರಗಿತು. ಜುಲೈ 28ರಂದು ಬೈಸರನ್ನಿನ ಕೊಲೆಗಡುಕರು ಮೂವರು ಶ್ರೀನಗರದ ಸಮೀಪ ಹತರಾದರು. ದಂಡನೆಯು ರಾಜ್ಯದ ಕರ್ತವ್ಯ. ಆದರೆ ದಂಡನೆಗೆ ಗುರಿಯಾಗತಕ್ಕವನು ಅಪರಾಧಿ. ಅವನ ಮತದ ಹೆಸರನ್ನು ಹೊತ್ತ ನೆರೆಮನೆಯವನಲ್ಲ. ಮದುವೆಯಾಗಿ ವಾರ ಕಳೆಯುವುದರೊಳಗೆ ಅಲ್ಲಿ ಗಂಡನನ್ನು ಕಳೆದುಕೊಂಡ ನೌಕಾಧಿಕಾರಿಯೊಬ್ಬರ ಪತ್ನಿಯು, ಮುಸಲ್ಮಾನರ ಮೇಲಾಗಲಿ ಕಾಶ್ಮೀರಿಗಳ ಮೇಲಾಗಲಿ ಹಗೆ ಸಾಧಿಸಬೇಡಿರಿ, ನಮಗೆ ಶಾಂತಿಯೂ ನ್ಯಾಯವೂ ಬೇಕು ಎಂದು ಬಿನ್ನವಿಸಿದರು. ಅಂತಹವರನ್ನೂ ಹೀಯಾಳಿಸಿದ ನಾಲಗೆಗಳಿದ್ದುವೆಂಬುದು ನಮ್ಮ ನಾಚಿಕೆಗೆ ಕಾರಣ.

ಈ ಎಚ್ಚರಿಕೆಯು ಶಿವಮೊಗ್ಗೆಗೆ ಇನ್ನೂ ಹೆಚ್ಚಾಗಿ ಬೇಕು. 2022ರ ಫೆಬ್ರವರಿಯಲ್ಲಿ ನಡೆದ ತರುಣನೊಬ್ಬನ ಕೊಲೆ, ಅದರ ಬೆನ್ನಿಗೆ ಎದ್ದ ಗಲಭೆ, 2023ರ ಅಕ್ಟೋಬರಿನಲ್ಲಿ ರಾಗಿಗುಡ್ಡದ ಕಲ್ಲುತೂರಾಟ, ಎರಡು ಸಲವೂ ಜಾರಿಯಾದ ನಿಷೇಧಾಜ್ಞೆ, ಇವೆಲ್ಲವೂ ಊರಿಗೆ ನೆನಪಿವೆ. ಒಂದು ಸಾವನ್ನು ಇನ್ನೊಂದರ ಬೀಜವಾಗಿ ಬಿತ್ತಿದರೆ ಬೆಳೆ ಏನಾಗುವುದೆಂದು ನಾವು ಕಲಿತವರು.

ಹಾಗಾದರೆ ನೆನೆಯುವುದು ಹೇಗೆ? ನಮ್ಮ ಜಿಲ್ಲೆಗೆ ಇದು ಹೊಸದಲ್ಲ. 1942ರ ಚಳವಳಿಯಲ್ಲಿ ಎದ್ದು 1943ರ ಮಾರ್ಚಿಯಲ್ಲಿ ಗಲ್ಲಿಗೇರಿದ ಈಸೂರಿನ ಐವರನ್ನು ನಾವು ಹುತಾತ್ಮರೆಂದು ಪೂಜಿಸುತ್ತೇವೆ. ಅವರು ತಿಳಿದು ಪ್ರಾಣವನ್ನಿತ್ತವರು. ಬೈಸರನ್ನಿನಲ್ಲಿ ಸತ್ತವರಾದರೋ ಯಾವ ಧ್ವಜವನ್ನೂ ಹಿಡಿದು ಹೋದವರಲ್ಲ. ಹಸುರನ್ನು ನೋಡಿ ಮನೆಗೆ ಮರಳಬೇಕೆಂದಿದ್ದವರು. ಅವರ ಕೈಗೆ ಈಗ ನಮ್ಮ ನಮ್ಮ ಧ್ವಜಗಳನ್ನು ಕೊಡುವುದು ನ್ಯಾಯವಲ್ಲ.

ಆದುದರಿಂದ ನಮ್ಮ ಸೂಚನೆಯು ಸರಳವಾದುದು. ಸಾಗರದ ರಸ್ತೆಯಲ್ಲಿ, ಆಲ್ಕೊಳದಲ್ಲಿ, ಜನರು ನಿಲ್ಲುವಲ್ಲಿ ಒಂದು ಕಲ್ಲನ್ನು ನೆಡಲಿ. ಅದರ ಮೇಲೆ 26 ಹೆಸರುಗಳನ್ನೂ ಅಕಾರಾದಿಯಾಗಿ ಕೆತ್ತಲಿ. ಕುದುರೆಯಾಳಿನ ಹೆಸರೂ ಅದೇ ಸಾಲಿನಲ್ಲಿರಲಿ. ಅವರನ್ನು ಮತ ಕೇಳಿ ಕೊಂದರೆಂಬ ಒಂದು ವಾಕ್ಯವೂ ಅಲ್ಲಿರಲಿ. ಹೆಸರುಗಳ ಮುಂದೆ ಮಾತ್ರ ಮತವನ್ನು ಬರೆಯುವುದು ಬೇಡ. ಜೋಗದ ಜಲಪಾತವನ್ನು ನೋಡಹೋಗುವ ಸಂಸಾರಗಳು, ಮಕ್ಕಳು ಮರಿಗಳೊಡನೆ, ಆ ದಾರಿಯಲ್ಲಿಯೇ ಸಾಗುತ್ತವೆ. ಅವರಲ್ಲಿ ಯಾರೊಬ್ಬರನ್ನೂ ಮತವಾವುದೆಂದು ಕೇಳಿ ತಡೆಯುವವರಿಲ್ಲದಂತೆ ಕಾಯುವುದೇ ಸರಕಾರದ ಧರ್ಮ. ಆ ಪ್ರಶ್ನೆಯನ್ನು ಕೊಲೆಗಡುಕರು ಕೇಳಿದರು, ನಾವು ಕೇಳಬಾರದು.