ಡ್ರೈವ್ ಟ್ರಿಪ್ ಆಯಿತೆ? ಬೋರ್ಡು ಬಿಚ್ಚುವ ಮುನ್ನ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಊರ ವರ್ಕ್‌ಶಾಪಿನ ಲೇಥಿಗೆ ಪುರುಸೊತ್ತಿಲ್ಲ. ಟ್ರೇಲರಿನ ಆಕ್ಸಲ್, ಪಂಪಿನ ಶಾಫ್ಟ್, ಗಾಣದ ಬುಷ್, ಎಲ್ಲಾ ಅಲ್ಲಿಗೇ ಬರಬೇಕು. ಹೊಲದ ಜತೆಗೆ ಇಂಥ ಸಣ್ಣ ಶೆಡ್ ನಡೆಸುವ ರೈತರೂ ನಮ್ಮಲ್ಲಿ ಇದ್ದಾರೆ. ಲೇಥ್ ಒಂದು ದಿನ ನಿಂತರೆ ಯಾರದೋ ಕಬ್ಬು ಹೊಲದಲ್ಲೇ ಒಣಗುತ್ತದೆ.

ಈ ಲೇಥುಗಳಿಗೆ ಈಗ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ ಬಂದಿದೆ. ಬೆಲ್ಟ್ ಬದಲಿಸುವ ತಾಪತ್ರಯವಿಲ್ಲ, ಗುಬ್ಬಿ ತಿರುವಿದರಾಯಿತು. ಇನ್ನೊಂದು ಕಾರಣ ಕರೆಂಟಿನದು. ಸಿಂಗಲ್ ಫೇಜ್ ಒಳಗೆ ತೆಗೆದುಕೊಂಡು ಮೂರು ಫೇಜ್ ಹೊರಗೆ ಕೊಡುವ ಡ್ರೈವ್ ಇದ್ದರೆ ಮೂರು ಫೇಜಿಗೆ ಕಾಯಬೇಕಿಲ್ಲ. (ಪಂಪಿನ ಕನೆಕ್ಷನ್ ಪಂಪಿಗೆ ಮಾತ್ರ. ಶೆಡ್ಡಿಗೆ ಬೇರೆ ಮೀಟರ್ ಬೇಕು.)

ಕಷ್ಟ ಬರುವುದು ಅದು ಟ್ರಿಪ್ ಆದಾಗ. ಬಂದ ಮಿಸ್ತ್ರಿ ಡಬ್ಬಿ ನೋಡಿ, "ಬೋರ್ಡ್ ಹೋಗೇತಿ, ಹೊಸಾದು ಹಾಕ್ರಿ" ಅಂತಾನೆ. ಸಾವಿರಾರು ರೂಪಾಯಿಯ ಮಾತು. ನಾನು ಕಂಡ ಮಟ್ಟಿಗೆ ತಪ್ಪು ಡಬ್ಬಿಯೊಳಗೆ ಇರುವುದಕ್ಕಿಂತ ಹೊರಗೆ ಇರುವುದೇ ಹೆಚ್ಚು: ವೈರು, ವೋಲ್ಟೇಜು, ಮೋಟರು, ಇಲ್ಲವೇ ಸೆಟ್ಟಿಂಗು.

ಡ್ರೈವಿನ ಕೆಲಸ ಇಷ್ಟೇ. ಬಂದ ಎ.ಸಿ. ಕರೆಂಟನ್ನು ಡಿ.ಸಿ. ಮಾಡಿ ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಅದನ್ನೇ ಕತ್ತರಿಸಿ ಬೇಕಾದ ಹರ್ಟ್ಸಿಗೆ ಮತ್ತೆ ಮೂರು ಫೇಜ್ ಮಾಡಿ ಮೋಟರಿಗೆ ಕೊಡುತ್ತದೆ. 50 ಹರ್ಟ್ಸಿಗೆ 1440 ಸುತ್ತುವ ಮೋಟರು 25ಕ್ಕೆ ಇಳಿಸಿದರೆ ಸುಮಾರು ಅರ್ಧ ಸುತ್ತುತ್ತದೆ. ಕೂಡಿಟ್ಟ ಆ ಡಿ.ಸಿ. ಸಣ್ಣದಲ್ಲ. 230 ವೋಲ್ಟಿನ ಡ್ರೈವಿನಲ್ಲಿ ಸುಮಾರು 325, 415ರ ಡ್ರೈವಿನಲ್ಲಿ 580 ದಾಟುತ್ತದೆ. ಮೇನ್ ತೆಗೆದ ಮೇಲೂ ಅದು ಒಳಗೆ ಉಳಿದಿರುತ್ತದೆ. ಹತ್ತು ನಿಮಿಷ ಬಿಟ್ಟು, ಮೀಟರನ್ನು ಡಿ.ಸಿ.ಗೆ ಇಟ್ಟು ಅಳೆದು, ಆಮೇಲೆ ಕೈ ಹಾಕಿರಿ. ದೀಪ ಆರಿತೆಂದು ನಂಬಬೇಡಿ.

ಪರದೆಯ ಮೇಲಿನ ಗುರುತು ಮೊದಲು ಬರೆದುಕೊಳ್ಳಿ. ಕಂಪನಿಗೊಂದು ತರಹ ಇರುತ್ತದೆ, ಪುಸ್ತಕ ನೋಡಬೇಕು. ಆದರೆ ಗುರುತಿಗಿಂತ ಹೆಚ್ಚು ಹೇಳುವುದು ಒಂದು ಪ್ರಶ್ನೆ: ಯಾವಾಗ ಟ್ರಿಪ್ ಆಯಿತು? ಹೊರಡುವಾಗಲೋ, ಓಡುವಾಗಲೋ, ನಿಲ್ಲುವಾಗಲೋ?

ಹೊರಡುವಾಗ ಆದರೆ ಕರೆಂಟ್ ಹೆಚ್ಚು ಎಳೆಯುತ್ತಿದೆ ಎಂದರ್ಥ. ಮೇನ್ ತೆಗೆದು, ಕಾದು, ಮೋಟರಿನ ಮೂರೂ ವೈರು ಡ್ರೈವಿನಿಂದ ಬಿಚ್ಚಿ. ಬರಿ ಡ್ರೈವನ್ನು ಚಾಲೂ ಮಾಡಿ. ಆಗಲೂ ಅದೇ ಗುರುತು ಬಂದರೆ ಡ್ರೈವಿನ ಮೇಲೆ ಸಂಶಯ ಸರಿ. (ಕೆಲವು ಡ್ರೈವು ಮೋಟರ್ ಇಲ್ಲವೆಂದು ಬೇರೆ ಗುರುತು ತೋರಿಸುತ್ತವೆ, ಅದು ಕೆಟ್ಟದ್ದಲ್ಲ.) ಸುಮ್ಮನೆ ಓಡಿದರೆ, ಮತ್ತೆ ಮೇನ್ ತೆಗೆದು ಕಾದು, ಬಿಚ್ಚಿಟ್ಟ ವೈರಿನ ಮೇಲೆ ಮೋಟರಿನ ಬಾಡಿಗೆ ಮೆಗ್ಗರ್ ಹಿಡಿಸಿ. ಡ್ರೈವಿಗೆ ವೈರು ಇರುವಾಗ ಮೆಗ್ಗರ್ ತಿರುವಿದರೆ ಚೆನ್ನಾಗಿದ್ದ ಡ್ರೈವೂ ಹೋದೀತು. ಮೋಟರ್ ಸರಿ ಇದ್ದರೆ ಬೆಲ್ಟ್ ಕಳಚಿ ಓಡಿಸಿ. ಬೆಲ್ಟ್ ಹಾಕಿದಾಗಷ್ಟೇ ಟ್ರಿಪ್ ಆಗುತ್ತಿದ್ದರೆ ಬೇರಿಂಗ್ ನೋಡಿ. ವೇಗ ಏರುವ ಸಮಯ 2 ಸೆಕೆಂಡಿಗೆ ಇದ್ದರೆ 8ಕ್ಕೋ 10ಕ್ಕೋ ಏರಿಸಿ. ಭಾರದ ಚಕ್ಕು ಎರಡೇ ಸೆಕೆಂಡಿಗೆ ಏಳು ಎಂದರೆ ಹೇಗೆ ಎದ್ದೀತು?

ನಿಲ್ಲುವಾಗ ಟ್ರಿಪ್ ಆದರೆ ತಿರುಗುವ ಚಕ್ಕೇ ಮೋಟರನ್ನು ಡೈನಮೋ ಮಾಡಿ ಕರೆಂಟನ್ನು ಹಿಂದಕ್ಕೆ ನೂಕುತ್ತಿದೆ, ಡಿ.ಸಿ. ಮಿತಿ ಮೀರುತ್ತಿದೆ. ನಿಲ್ಲುವ ಸಮಯ ಹೆಚ್ಚಿಸಿದರೆ ಟ್ರಿಪ್ ತಪ್ಪುತ್ತದೆ. ಆದರೆ ಲೇಥು ತಡವಾಗಿ ನಿಲ್ಲುವುದು ಕೈಗೆ ಅಪಾಯ. ಡ್ರೈವಿಗೆ ಸರಿಹೊಂದುವ ಬ್ರೇಕ್ ರೆಸಿಸ್ಟರ್ ಹಾಕಿಸುವುದೇ ಲೇಸು.

ಓಡುವಾಗ ಆದರೆ ಹೆಚ್ಚಾಗಿ ವೋಲ್ಟೇಜಿನ ಕಾಟ. ಕಂಬದಿಂದ ಶೆಡ್ಡಿಗೆ ಉದ್ದನೆಯ ಸಣ್ಣ ಅಲ್ಯುಮಿನಿಯಂ ವೈರು, ಅದರ ಮೇಲೇ ವೆಲ್ಡಿಂಗ್ ಮಷಿನ್. ಕಡ್ಡಿ ತಾಗಿಸಿದೊಡನೆ ವೋಲ್ಟೇಜ್ ಕುಸಿಯುತ್ತದೆ, ಡ್ರೈವ್ ನಿಲ್ಲುತ್ತದೆ. ಲೋಡ್ ಇರುವಾಗಲೇ ವೋಲ್ಟೇಜ್ ಅಳೆಯಿರಿ, ಖಾಲಿ ಇದ್ದಾಗ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತದೆ. ಮೂರು ಫೇಜಿನ ಡ್ರೈವಿಗೆ ಒಂದು ಫೇಜ್ ಬರದಿದ್ದರೂ ಖಾಲಿ ಓಡಿ, ಕಟಿಂಗ್ ಹಿಡಿದಾಗ ಟ್ರಿಪ್ ಆಗುವುದುಂಟು.

ಬಿಸಿಯಾಗಿ ನಿಂತರೆ ಫ್ಯಾನ್ ನೋಡಿ. ಗ್ರೈಂಡರ್ ಪಕ್ಕದಲ್ಲಿ ಡ್ರೈವ್ ಬೇಡವೇ ಬೇಡ. ಕಬ್ಬಿಣದ ಪುಡಿ ಕರೆಂಟ್ ಹರಿಸುತ್ತದೆ. ವೈರಿನ ತೂತು ಮುಚ್ಚದಿದ್ದರೆ ಹಲ್ಲಿ ಒಳಗೆ ಹೋಗಿ ತಾನೂ ಸತ್ತು ಬೋರ್ಡನ್ನೂ ಕೊಲ್ಲುತ್ತದೆ.

ಇನ್ನು ಸಿಂಗಲ್ ಫೇಜ್ ಡ್ರೈವಿನ ಒಂದು ದೂರು. "ಮೋಟರ್ ತಿರಗತೈತಿ, ಆದ್ರ ಜಗ್ಗೂದಿಲ್ಲ." ಇದಕ್ಕೆ ಡ್ರೈವ್ ಬದಲಿಸಿ ಉಪಯೋಗವಿಲ್ಲ. 230 ಒಳಗೆ ಕೊಟ್ಟರೆ ಹೊರಗೂ ಬರುವುದು 230 ಮಾತ್ರ. ಮೋಟರಿನ ಪಟ್ಟಿ ನೋಡಿ. 2 ಎಚ್.ಪಿ.ವರೆಗಿನವು ಸಾಮಾನ್ಯವಾಗಿ 415ಕ್ಕೆ ಸ್ಟಾರ್ ಜೋಡಣೆ. ಡಬ್ಬಿಯಲ್ಲಿ ಆರು ತುದಿ ಇದ್ದರೆ ಪಟ್ಟಿ ಜರುಗಿಸಿ ಡೆಲ್ಟಾ ಮಾಡಿದರೆ 230ಕ್ಕೆ ಸರಿಹೋಗುತ್ತದೆ. 3 ಎಚ್.ಪಿ. ಮತ್ತು ಮೇಲಿನವು ಹೆಚ್ಚಾಗಿ 415ಕ್ಕೇ ಡೆಲ್ಟಾ. ಅವಕ್ಕೆ 230 ಕೊಟ್ಟು 50 ಹರ್ಟ್ಸಿಗೆ ಓಡಿಸಿದರೆ ಎಳೆಯುವ ಶಕ್ತಿ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. ರಿವೈಂಡಿಂಗ್ ಅಂಗಡಿಯಲ್ಲಿ 230ಕ್ಕೆ ಸುತ್ತಿಸಬೇಕು, ಇಲ್ಲವೇ ಮೂರು ಫೇಜಿನಲ್ಲೇ ಓಡಿಸಬೇಕು.

ಹಳೆ ಮೋಟರಿಗೆ ಕಂಡೆನ್ಸರ್ ಕಟ್ಟಿದ್ದರೆ ತೆಗೆದುಬಿಡಿ. ಡ್ರೈವಿಗೂ ಮೋಟರಿಗೂ ನಡುವೆ ಅದು ಇರಬಾರದು. ಹಳೆ ಸ್ಟಾರ್ಟರೂ ಅಲ್ಲಿ ಬೇಡ. ಅರ್ಥಿಂಗ್ ಮಾತ್ರ ಬೇಕೇ ಬೇಕು.

ಗುಬ್ಬಿ ಇಳಿಸಿದೊಡನೆ ಗಿಯರ್ ಹಾಕಿದಷ್ಟು ಬಲ ಬರುತ್ತದೆಂದು ತಿಳಿಯಬೇಡಿ. ವೇಗ ತಗ್ಗಿದರೆ ಮೋಟರಿನ ಫ್ಯಾನೂ ನಿಧಾನ, ಅದು ಕಾಯುತ್ತದೆ. ದಪ್ಪ ಆಕ್ಸಲಿಗೆ ಆಳದ ಕಟಿಂಗ್ ಇದ್ದರೆ ಬ್ಯಾಕ್ ಗಿಯರ್ ಹಾಕಿ, ಮೋಟರನ್ನು 40-50 ಹರ್ಟ್ಸಿನಲ್ಲಿ ಓಡಿಸಿ.

ಇಷ್ಟು ನೋಡಿದರೂ ಬಗೆಹರಿಯದಿದ್ದರೆ ಮಿಸ್ತ್ರಿಯನ್ನು ಕರೆಯಿರಿ. ಗುರುತು, ಟ್ರಿಪ್ ಆದ ಹೊತ್ತು, ಆಗಿನ ಹರ್ಟ್ಸ್ ಮತ್ತು ಆಂಪಿಯರ್ ಒಂದು ಚೀಟಿಯಲ್ಲಿ ಬರೆದು ಕೊಡಿ. ಆತ ಸೆಟ್ಟಿಂಗನ್ನೆಲ್ಲ ಅಳಿಸಿ ಮೊದಲಿನಿಂದ ಹಾಕುತ್ತೇನೆಂದರೆ, ಅಳಿಸುವ ಮುನ್ನ ಈಗಿರುವ ಸಂಖ್ಯೆಗಳನ್ನು ವಹಿಯಲ್ಲಿ ಇಳಿಸಿಕೊಳ್ಳಿ.